ಓಡಬಹುದು, ಆದರೆ ಮೊದಲು ಹಳೆ ಫೈಲ್ ತನ್ನಿ

ಚಿಕ್ಕಂದಿನಲ್ಲಿ ಬ್ಲಡ್ ಕ್ಯಾನ್ಸರ್ ಬಂದು ಗುಣವಾದ ಮಕ್ಕಳು ಈಗ ದೊಡ್ಡವರಾಗಿದ್ದಾರೆ. ಕೆಲಸಕ್ಕೆ ಹೋಗ್ತಾರೆ, ಮದುವೆ ಆಗಿದ್ದಾರೆ. ಈಚೆಗೆ ಇವರಲ್ಲಿ ಕೆಲವರು ಹುಬ್ಬಳ್ಳಿಯ ನಮ್ಮ ಕ್ಲಿನಿಕ್‌ಗೆ ಬಂದು ಒಂದೇ ಪ್ರಶ್ನೆ ಕೇಳ್ತಾರೆ: ಹಾಫ್ ಮ್ಯಾರಥಾನ್ ಓಡಬಹುದಾ? ಅಂದರೆ 21.1 ಕಿಲೋಮೀಟರ್.

ಬಹಳಷ್ಟು ಜನರಿಗೆ ನನ್ನ ಉತ್ತರ, ಓಡಬಹುದು. ಆದರೆ ಈಗ ಆರಾಮಾಗಿದ್ದೀರಾ ಅನ್ನೋದಕ್ಕಿಂತ ಆವಾಗ ಯಾವ ಔಷಧ ಎಷ್ಟು ಕೊಟ್ಟಿದ್ದರು ಅನ್ನೋದು ನನಗೆ ಮುಖ್ಯ.

ಮೊನ್ನೆ ಬಂದ ಹುಡುಗಿಯ ವಿಷಯ ಹೇಳ್ತೀನಿ. ನಾಲ್ಕನೇ ವಯಸ್ಸಿನಲ್ಲಿ ಎಎಲ್‌ಎಲ್, ಅಂದರೆ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಅನ್ನೋ ಬ್ಲಡ್ ಕ್ಯಾನ್ಸರ್. ಮಕ್ಕಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ಕ್ಯಾನ್ಸರ್ ಅದೇ. ಎರಡು ವರ್ಷಕ್ಕೂ ಜಾಸ್ತಿ ಕೀಮೋ ಆಗಿದೆ. ಈಗ ಗಂಡ, ಅಪ್ಪ, ತಮ್ಮನ ಜೊತೆ ಮಹಾರಾಷ್ಟ್ರದ ಸಾತಾರಾ ಹಿಲ್ ಹಾಫ್ ಮ್ಯಾರಥಾನ್ ಓಡಬೇಕು ಅಂತ ಆಸೆ. ನಮ್ಮ ಕಡೆಯವರಿಗೆ ಅದು ದೂರ ಅನ್ನಿಸಲ್ಲ, ಹೆದ್ದಾರಿ 48ರಲ್ಲಿ ಪುಣೆ ಕಡೆ ಹೋದರೆ ದಾರಿಯಲ್ಲೇ ಸಿಗುವ ಊರು. ಸೆಪ್ಟೆಂಬರ್‌ನಲ್ಲಿ ಮಂಜು, ಹಸಿರು, ಕಾಸ್ ಪ್ರಸ್ಥಭೂಮಿಯ ಹೂಗಳ ಕಾಲ. ನೋಡೋಕೆ ಚೆಂದ, ಓಡೋಕೆ ಕಷ್ಟ, ಯಾಕಂದ್ರೆ ಮೊದಲ ಅರ್ಧ ಯವತೇಶ್ವರ ಘಾಟ್ ಹತ್ತಬೇಕು, ಉಳಿದರ್ಧ ಅದೇ ದಾರಿಯಲ್ಲಿ ಇಳೀಬೇಕು.

ಅವಳ ತಾಯಿಯೂ ಬಂದಿದ್ದರು. ಮಗಳು ಆಚೆ ಹೋದಾಗ ಮೆಲ್ಲಗೆ, “ಡಾಕ್ಟರ್ರ, ಹೆಂಗರ ಮಾಡಿ ಬ್ಯಾಡ ಅಂತ ಹೇಳ್ರಿ. ಈಕಿನ ಉಳಿಸ್ಕೊಳ್ಳಾಕ ಭಾಳ ಕಷ್ಟಪಟ್ಟೇವ್ರಿ” ಅಂದರು. ಆ ಭಯವನ್ನ ನಾನು ಸುಮ್ನೆ ತಳ್ಳಿಹಾಕಲ್ಲ. ಕೆಂಪು ಸಲೈನ್ ಹಾಕಿದ ಮೇಲೆ ಮಗುವಿನ ಮೂತ್ರ ಕೆಂಪಾಗಿದ್ದು ಅವರಿಗೆ ಇವತ್ತಿಗೂ ನೆನಪಿದೆ, ಅದು ರಕ್ತ ಅಂದ್ಕೊಂಡು ರಾತ್ರಿಯೆಲ್ಲಾ ಅತ್ತಿದ್ದರಂತೆ.

ನನಗೆ ಬೇಕಾಗಿದ್ದೂ ಆ ಕೆಂಪು ಔಷಧದ ಲೆಕ್ಕವೇ. ಡಾಕ್ಸೊರುಬಿಸಿನ್, ಡೌನೊರುಬಿಸಿನ್ ಅಂತ ಹೆಸರು. ಎಷ್ಟೋ ಮಕ್ಕಳನ್ನ ಉಳಿಸಿದ ಔಷಧ ಇದು. ಆದರೆ ಹೃದಯದ ಸ್ನಾಯುವಿಗೆ ಪೆಟ್ಟು ಕೊಡಬಹುದು, ಆ ಪೆಟ್ಟು ಹತ್ತಿಪ್ಪತ್ತು ವರ್ಷ ಆದಮೇಲೂ ಹೊರಗೆ ಬರಬಹುದು. ತೀರಾ ಚಿಕ್ಕ ವಯಸ್ಸಿನಲ್ಲಿ ತಗೊಂಡವರಿಗೆ ಅಪಾಯ ಜಾಸ್ತಿ. ಕೊಟ್ಟ ಡೋಸ್‌ಗಳನ್ನೆಲ್ಲಾ ಕೂಡಿಸಿದಾಗ ದೇಹದ ಮೇಲ್ಮೈಯ ಪ್ರತಿ ಚದರ ಮೀಟರ್‌ಗೆ 100 ಮಿಲಿಗ್ರಾಂ ಒಳಗಿದ್ದರೆ ಅಪಾಯ ಕಡಿಮೆ, 100ರಿಂದ 250 ಮಧ್ಯಮ, 250 ದಾಟಿದರೆ ಜಾಸ್ತಿ. ಎದೆಗೆ ರೇಡಿಯೇಷನ್ ಕೊಟ್ಟಿದ್ದರೆ ಲೆಕ್ಕ ಇನ್ನೂ ಮೇಲೆ ಹೋಗುತ್ತೆ. ಜಾಸ್ತಿ ಅಪಾಯದವರು 2 ವರ್ಷಕ್ಕೊಮ್ಮೆ, ಮಧ್ಯಮದವರು 5 ವರ್ಷಕ್ಕೊಮ್ಮೆ ಎಕೋ, ಅಂದರೆ ಹೃದಯದ ಸ್ಕ್ಯಾನ್ ಮಾಡಿಸಬೇಕು. ಎಷ್ಟೋ ಜನ ಕೀಮೋ ಮುಗಿದ ವರ್ಷ ಮಾಡಿಸಿದ್ದೇ ಕೊನೆ. “ಆವಾಗ ನಾರ್ಮಲ್ ಇತ್ತಲ್ಲ” ಅಂತಾರೆ. ಆವಾಗಿನ ನಾರ್ಮಲ್ ಈಗಿನ ಬೆಟ್ಟಕ್ಕೆ ಸಾಲದು.

ಅವಳ ಅಮ್ಮ ಫೈಲನ್ನ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅಲ್ಮೇರಾದಲ್ಲಿ ಇಟ್ಟಿದ್ದರು, ಪುಣ್ಯ. ಕೂಡಿಸಿದರೆ ಮಧ್ಯಮ ಗುಂಪು. ಎಕೋ, ಇಸಿಜಿ ಮಾಡಿಸಿದೆವು, ಹೃದ್ರೋಗ ತಜ್ಞರ ಮುಂದೆ ಟಿಎಂಟಿಯೂ (ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡುವ ಪರೀಕ್ಷೆ) ಆಯ್ತು. ಎಲ್ಲಾ ಚೆನ್ನಾಗಿತ್ತು. ನಿಮ್ಮ ಫೈಲ್ ಕಳೆದಿದ್ದರೆ, ಚಿಕಿತ್ಸೆ ಪಡೆದ ಆಸ್ಪತ್ರೆಯ ರೆಕಾರ್ಡ್ ವಿಭಾಗಕ್ಕೆ ಹೋಗಿ ನೋಂದಣಿ ಸಂಖ್ಯೆ ಕೊಟ್ಟು ಚಿಕಿತ್ಸೆಯ ಸಾರಾಂಶ ಕೇಳಿ. ಕೇಳದೆ ಯಾರೂ ಕೊಡಲ್ಲ.

ಎಕೋ ಚೆನ್ನಾಗಿ ಬಂತು ಅಂದ ತಕ್ಷಣ ಎಲ್ಲರೂ ಎದ್ದು ಹೊರಟರು. ನಾನು ಕೂರಿಸಿ, ಓಡುವ ಹಳೆ ಶೂ ತರಿಸಿದೆ. ಬಲಗಾಲಿನ ಶೂ ಮುಂತುದಿ ಸವೆದು ಒಳಗಿನ ಬಿಳಿ ಸ್ಪಾಂಜು ಕಾಣ್ತಿತ್ತು, ಎಡಗಾಲಿನದು ಹಾಗಿರಲಿಲ್ಲ. ಹಿಮ್ಮಡಿ ಮೇಲೆ ನಡೆದು ತೋರಿಸು ಅಂದೆ. ಎಡ ಪಾದ ಮೇಲೇ ನಿಂತಿತು, ಬಲ ಪಾದ ನಾಲ್ಕು ಹೆಜ್ಜೆಗೆ ಕೆಳಗೆ ಜಾರಿತು. ಇದು ವಿಂಕ್ರಿಸ್ಟಿನ್ ಅನ್ನೋ ಔಷಧ ನರಕ್ಕೆ ಮಾಡಿಟ್ಟು ಹೋದ ಕೆಲಸ ಇರಬಹುದು. ಮನೆಯಲ್ಲಿ, ಆಫೀಸಲ್ಲಿ ಗೊತ್ತೇ ಆಗಲ್ಲ. ಹನ್ನೆರಡು ಕಿಲೋಮೀಟರ್ ಓಡಿ ಸುಸ್ತಾದಾಗ, ಮಳೆಯಲ್ಲಿ ನೆಂದ ಇಳಿಜಾರಿನಲ್ಲಿ ಬೆರಳು ತಗುಲಿ ಮುಗ್ಗರಿಸೋದು ಇದರಿಂದಲೇ. ಹಾಗಾಗಿ ಕಿಲೋಮೀಟರ್ ಏರಿಸೋಕೆ ಮುಂಚೆ ಕೆಲವು ತಿಂಗಳು ಫಿಸಿಯೋಥೆರಪಿ, ಕಣಕಾಲಿಗೆ ಶಕ್ತಿ ತುಂಬುವ ವ್ಯಾಯಾಮ. ಆಮೇಲೆ ಉಣಕಲ್ ಕೆರೆ ಹತ್ತಿರದ ಸಮತಟ್ಟು ದಾರಿ, ಅದು ಒಗ್ಗಿದ ಮೇಲೆ ನೃಪತುಂಗ ಬೆಟ್ಟದ ಏರು. ಇಳಿಯೋದನ್ನೂ ಅಭ್ಯಾಸ ಮಾಡಬೇಕು. ತೊಡೆಗೆ ಹೆಚ್ಚು ಪೆಟ್ಟು ಬೀಳೋದು ಇಳಿಯುವಾಗಲೇ, ಹತ್ತುವಾಗ ಅಲ್ಲ.

ಮನೆಯವರ ವಿಷಯಕ್ಕೆ ಬರ್ತೀನಿ. ಜೊತೆಗೆ ಓಡೋರು ಫೋಟೋಗೆ ಮಾತ್ರ ಅಲ್ಲ. ನಾಡಿ ನೋಡುವ ಗಡಿಯಾರಕ್ಕಿಂತ ನಾನು ಗಂಡನನ್ನ, ಅಪ್ಪನನ್ನ ನಂಬ್ತೀನಿ. ಹತ್ತುವಾಗ ಅವಳ ಜೊತೆ ಮಾತಾಡ್ತಾ ಇರಿ ಅಂತ ಹೇಳಿದೆ. ಪೂರ್ತಿ ವಾಕ್ಯ ಬರ್ತಿದ್ದರೆ ವೇಗ ಸರಿ ಇದೆ, ಬರೀ “ಹೂಂ” ಬರ್ತಿದ್ದರೆ ಓಟ ಬಿಟ್ಟು ನಡೀರಿ. ಎದೆನೋವು, ತಲೆಸುತ್ತು, ಎದೆ ಅಡ್ಡಾದಿಡ್ಡಿ ಬಡಿದುಕೊಳ್ಳೋದು, ಬೇರೆ ದಿನಗಳಲ್ಲಿ ಬರದಷ್ಟು ಏದುಸಿರು, ಇದರಲ್ಲಿ ಒಂದು ಕಂಡರೂ ಅಲ್ಲೇ ನಿಲ್ಲಿಸಿ ಆಂಬುಲೆನ್ಸ್ ಕರೆಯಬೇಕು. ತಮ್ಮನಿಗೆ ವೇಗ ಜಾಸ್ತಿ. ಅವನು ಅಕ್ಕನನ್ನ ಹುರಿದುಂಬಿಸ್ತೀನಿ ಅಂತ ಎಳೆದುಕೊಂಡು ಹೋಗೋದು ಬೇಡ ಅಂತ ಅವನ ಮುಂದೆಯೇ ಹೇಳಿದೆ. ಓಡಿದರೆ ಅಕ್ಕನ ವೇಗದಲ್ಲಿ ಓಡು, ಆಗಲ್ಲ ಅಂದ್ರೆ ನಿನ್ನ ಪಾಡಿಗೆ ನೀನು ಮುಂದೆ ಹೋಗು.

ಎದೆ ಮೇಲೆ ಚುಚ್ಚಿಕೊಳ್ಳುವ ಬಿಬ್‌ನ (ಓಟದ ನಂಬರ್ ಇರುವ ಚೀಟಿ) ಹಿಂದೆ ಹಳೆ ಕಾಯಿಲೆ, ಡಾಕ್ಸೊರುಬಿಸಿನ್ ಪಡೆದದ್ದು, ಮನೆಯವರ ಫೋನ್ ನಂಬರ್ ಇಷ್ಟನ್ನ ಇಂಗ್ಲಿಷಿನಲ್ಲಿ ಬರೆದಿರಲಿ. ಹಿಂದಿನ ವಾರ ಜ್ವರ ಬಂದಿದ್ದರೆ ಹಣ ಹೋದರೂ ಪರವಾಗಿಲ್ಲ, ಓಡಬೇಡಿ. ವೈರಲ್ ಜ್ವರ ಹೃದಯದ ಸ್ನಾಯುವನ್ನೂ ಮುಟ್ಟಿರಬಹುದು. ಓಡುವ ಮುಂಚೆ ನೋವಿನ ಮಾತ್ರೆ ನುಂಗೋದು ಬೇಡ, ಕಿಡ್ನಿಗೆ ಭಾರ. ನೀರಿನ ಪ್ರತಿ ಟೇಬಲ್‌ನಲ್ಲೂ ಕುಡೀಲೇಬೇಕು ಅಂತಿಲ್ಲ, ಬಾಯಾರಿದಾಗ ಕುಡಿದರೆ ಸಾಕು. ಅತಿಯಾಗಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತೆ.

ಓಟ ಮುಗಿಸಿ ಬಂದಮೇಲೆ ಎರಡು ಮೂರು ದಿನ ತೊಡೆ ನೋಯೋದು ಎಲ್ಲರಿಗೂ ಇದ್ದದ್ದೇ. ಆದರೆ ಕೀಮೋ ಜೊತೆ ಸ್ಟಿರಾಯ್ಡ್ ತಗೊಂಡವರಿಗೆ ತೊಡೆಸಂದಿಯಲ್ಲಿ ನೋವು ಉಳಿದು, ಕುಂಟು ಬಂದರೆ ಅದನ್ನ ಸ್ನಾಯು ನೋವು ಅಂತ ಬಿಡಬೇಡಿ. ಸೊಂಟದ ಕೀಲಿನ ಮೂಳೆಗೆ ರಕ್ತ ಕಡಿಮೆಯಾಗಿ ಅದು ಒಳಗೊಳಗೇ ಸವೆಯುವ ತೊಂದರೆ ಇವರಿಗೆ ಬರಬಹುದು. ಶುರುವಿನಲ್ಲಿ ಎಕ್ಸ್‌ರೇ ಸರಿಯಾಗೇ ಕಾಣುತ್ತೆ. ಎಂಆರ್‌ಐ ಮಾಡಿಸಿ ಅಂತ ನೀವೇ ಕೇಳಿ, ಚಿಕ್ಕಂದಿನಲ್ಲಿ ಸ್ಟಿರಾಯ್ಡ್ ತಗೊಂಡಿದ್ದೆ ಅಂತ ಬಾಯಿಬಿಟ್ಟು ಹೇಳಿ.