ಯುದ್ಧ ನಿಂತ ಮೇಲೆ ಮನೆ ಯಾರದ್ದು?

ಹಾಸನದ ಕೋರ್ಟಿನಲ್ಲಿ ನನ್ನ ಬಳಿ ಬರುವುದು ಜಾಸ್ತಿ ಜಮೀನಿನ ಕೇಸುಗಳೇ. ಖಾತೆ, ಪೋಡಿ, ಒತ್ತುವರಿ. ಹೇಮಾವತಿ ಹಿನ್ನೀರಿನಲ್ಲಿ ಊರು ಕಳೆದುಕೊಂಡವರ ಮಕ್ಕಳು ಈಗಲೂ ಹಳೇ ಮಂಜೂರಾತಿ ಪತ್ರ ಹಿಡಿದು ಬರುತ್ತಾರೆ. ಆದ್ದರಿಂದ ಯಾವುದೋ ದೇಶದಲ್ಲಿ ಶಾಂತಿ ಒಪ್ಪಂದ ಆಯಿತು ಎಂದು ಓದಿದಾಗ ನಾನು ಮೊದಲು ಹುಡುಕುವುದು ಒಂದೇ ವಿಷಯ. ಓಡಿಹೋದವರ ಮನೆ ಈಗ ಯಾರ ಕೈಯಲ್ಲಿದೆ? ಅದನ್ನು ಬಿಡಿಸಿಕೊಡುವ ಅಧಿಕಾರ ಯಾರಿಗಿದೆ?

ಈ ಪ್ರಶ್ನೆಗೆ ಆಗ್ನೇಯ ಯುರೋಪಿನ ಬೋಸ್ನಿಯಾದಲ್ಲಿ ನಿಜವಾದ ಉತ್ತರ ಸಿಗುತ್ತದೆ. ಅಲ್ಲಿನ ಮೂರು ಮುಖ್ಯ ಜನಾಂಗಗಳು ಬೋಸ್ನಿಯಾಕರು (ಹೆಚ್ಚಿನವರು ಮುಸ್ಲಿಮರು), ಸರ್ಬರು ಮತ್ತು ಕ್ರೊಯಾಟರು. 1992ರಿಂದ 1995ರವರೆಗಿನ ಯುದ್ಧದಲ್ಲಿ ಅಲ್ಲಿ ಸುಮಾರು 1 ಲಕ್ಷ ಜನ ಸತ್ತರು. 20 ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು. ಹೆಚ್ಚುಕಮ್ಮಿ ಅರ್ಧ ದೇಶವೇ ಜಾಗ ಬದಲಿಸಿತು. ಯುದ್ಧ ನಿಲ್ಲಿಸಿದ 1995ರ ಡೇಟನ್ ಒಪ್ಪಂದದ 7ನೇ ಅನುಬಂಧದಲ್ಲಿ ಸ್ಪಷ್ಟವಾಗಿ ಬರೆದರು: ಓಡಿಹೋದ ಪ್ರತಿಯೊಬ್ಬರಿಗೂ ತಮ್ಮ ಸ್ವಂತ ಮನೆಗೇ ಮರಳುವ ಹಕ್ಕಿದೆ.

ಬರೆದರೆ ಆಯಿತಾ? ಸ್ಥಳೀಯ ಅಧಿಕಾರಿಗಳ ಕೈಯಲ್ಲಿ ಯುದ್ಧಕಾಲದ ಕಾನೂನುಗಳಿದ್ದವು. ಖಾಲಿ ಬಿದ್ದ ಮನೆಯನ್ನು 'ಬಿಟ್ಟುಹೋದ ಆಸ್ತಿ' ಎಂದು ಘೋಷಿಸಿ ತಮ್ಮ ಜನಾಂಗದವರಿಗೆ ಹಂಚಿದ್ದರು. ಒಂದು ಕಡೆಯ ಕಾನೂನಂತೂ ನೋಡಿ. ಸಾರ್ವಜನಿಕ ಒಡೆತನದ ಫ್ಲಾಟಿನಲ್ಲಿದ್ದವರು ಯುದ್ಧಸ್ಥಿತಿ ಮುಗಿದ 7 ದಿನದೊಳಗೆ ಬಂದು ಮತ್ತೆ ವಾಸ ಶುರು ಮಾಡಬೇಕು. ಹೊರದೇಶದಲ್ಲಿದ್ದರೆ 15 ದಿನ. ಗಡುವು 1996ರ ಜನವರಿ ಮೊದಲ ವಾರಕ್ಕೇ ಮುಗಿಯಿತು. ಜರ್ಮನಿಯ ನಿರಾಶ್ರಿತರ ಶಿಬಿರದಲ್ಲಿದ್ದ ಕುಟುಂಬ, ಬಂದೂಕು ಹಿಡಿದವರು ಇನ್ನೂ ರಸ್ತೆಯಲ್ಲಿದ್ದಾಗ, ಹೇಗೆ ಬಂದೀತು? ಕಾಗದದ ಮೇಲೆ ಎಲ್ಲ ಸರಿ, ಹಕ್ಕು ಮಾತ್ರ ಹೋಯಿತು. ವಕೀಲನಾಗಿ ನನಗೆ ಸಿಟ್ಟು ಬರುವುದು ಇಂಥ ಅನ್ಯಾಯದ ಮೇಲೆಯೇ.

ಇದನ್ನು ಮುರಿಯಲು ಅಂತರರಾಷ್ಟ್ರೀಯ ಸಮುದಾಯಕ್ಕೆ ಸುಮಾರು ಎರಡು ವರ್ಷ ಹಿಡಿಯಿತು. ಒಪ್ಪಂದದ ಜಾರಿ ನೋಡಿಕೊಳ್ಳಲು ಹೈ ರೆಪ್ರೆಸೆಂಟೇಟಿವ್ ಎಂಬ ಹುದ್ದೆ ಮೊದಲಿಂದಲೂ ಇತ್ತು. 1997ರ ಡಿಸೆಂಬರ್‌ನಲ್ಲಿ ಬಾನ್ ನಗರದ ಸಭೆಯ ನಂತರ ಆ ಹುದ್ದೆಗೆ ಹಲ್ಲು ಬಂತು. ಕಾನೂನು ಹೇರಬಹುದು, ಅಡ್ಡಗಾಲು ಹಾಕುವ ಅಧಿಕಾರಿಯನ್ನು ಮನೆಗೆ ಕಳಿಸಬಹುದು. 1998ರಲ್ಲಿ ಹಳೇ ಆಸ್ತಿ ಕಾನೂನುಗಳು ರದ್ದಾದವು. 1999ರ ನವೆಂಬರ್‌ನಲ್ಲಿ ಆಗ ಆ ಹುದ್ದೆಯಲ್ಲಿದ್ದ ವೋಲ್ಫ್‌ಗಾಂಗ್ ಪೆಟ್ರಿಟ್ಷ್ ಒಂದೇ ಸಲ 22 ಅಧಿಕಾರಿಗಳನ್ನು ಕಿತ್ತುಹಾಕಿದರು.

ಮುಂದಿನ ಹೆಜ್ಜೆ ನನಗೆ ಬಹಳ ಹಿಡಿಸಿದ್ದು. ಅರ್ಜಿಗಳನ್ನು ಬಂದ ಸರದಿಯಲ್ಲೇ ಇತ್ಯರ್ಥ ಮಾಡಬೇಕು ಎಂಬ ನಿಯಮ ತಂದರು. ಅರ್ಜಿದಾರ ಬೋಸ್ನಿಯಾಕನೋ, ಸರ್ಬನೋ, ಕ್ರೊಯಾಟನೋ ಎಂಬುದು ಲೆಕ್ಕಕ್ಕೇ ಬರಲಿಲ್ಲ. ಶಿಫಾರಸಿಗೆ ಜಾಗ ಕಮ್ಮಿಯಾಯಿತು. ತಾಲ್ಲೂಕು ಕಚೇರಿಯ ಕಿಟಕಿ ಮುಂದೆ ನಿಂತ ಯಾರಿಗಾದರೂ ಇದರ ಬೆಲೆ ಗೊತ್ತು, ಅಲ್ವಾ? ಬಂದಿದ್ದ ಸುಮಾರು 2 ಲಕ್ಷ ಅರ್ಜಿಗಳಲ್ಲಿ ಶೇ 90ಕ್ಕೂ ಹೆಚ್ಚು ಕೆಲವೇ ವರ್ಷಗಳಲ್ಲಿ ಇತ್ಯರ್ಥವಾದವು. ಮನೆ ಸಿಕ್ಕವರಲ್ಲಿ ಎಷ್ಟೋ ಜನ ಅದನ್ನು ಮಾರಿ ಬೇರೆ ಕಡೆ ನೆಲೆಸಿದರು, ನಿಜ. ಆದರೂ ನಾನು ಇದನ್ನು ಸೋಲು ಎನ್ನುವುದಿಲ್ಲ. ಇರಬೇಕೋ ಮಾರಬೇಕೋ ಎಂದು ತೀರ್ಮಾನಿಸಿದ್ದು ಮನೆಯ ಒಡೆಯರು, ಅವರನ್ನು ಓಡಿಸಿದವರಲ್ಲ.

ಇನ್ನೊಂದು ಸಣ್ಣ ಕೆಲಸ. ಕೆಎ 13 ಎಂದರೆ ಹಾಸನದ ಗಾಡಿ, ಕೆಎ 18 ಎಂದರೆ ಚಿಕ್ಕಮಗಳೂರಿನದು. ನಮಗೆ ಅದರಿಂದ ತೊಂದರೆಯಿಲ್ಲ. ಅಲ್ಲಿ ನಂಬರ್ ಪ್ಲೇಟ್ ನೋಡಿದರೆ ಯಾವ ಕಡೆಯವರು ಎಂದು ತಿಳಿಯುತ್ತಿತ್ತು, ರಸ್ತೆಯಲ್ಲೇ ತಡೆದು ಹಿಂಸಿಸುತ್ತಿದ್ದರು. 1998ರಲ್ಲಿ ಎಲ್ಲರಿಗೂ ಒಂದೇ ಬಗೆಯ ಪ್ಲೇಟ್ ಬಂತು. ಲ್ಯಾಟಿನ್ ಮತ್ತು ಸಿರಿಲಿಕ್ ಲಿಪಿಗಳೆರಡರಲ್ಲೂ ಒಂದೇ ರೀತಿ ಕಾಣುವ ಅಕ್ಷರಗಳನ್ನು ಮಾತ್ರ ಬಳಸಿದರು. ಜನ ಮತ್ತೆ ಓಡಾಡತೊಡಗಿದರು.

ಕಾಣೆಯಾದವರ ವಿಷಯ ಹೆಚ್ಚು ಕಠಿಣ. ನಮ್ಮಲ್ಲೂ ಮರಣ ಪತ್ರ ಇಲ್ಲದೆ ಪೌತಿ ಖಾತೆ ಆಗುವುದಿಲ್ಲ. ಏಳು ವರ್ಷ ಸುದ್ದಿಯಿಲ್ಲದವರ ಹೆಂಡತಿಯರು ಕೋರ್ಟಿಗೆ ಅಲೆಯುವುದನ್ನು ನಾನು ನೋಡಿದ್ದೇನೆ. ಬೋಸ್ನಿಯಾದಲ್ಲಿ ಕಾಣೆಯಾದವರು 30 ಸಾವಿರದಷ್ಟು. 1995ರ ಜುಲೈನಲ್ಲಿ ಸ್ರೆಬ್ರೆನಿತ್ಸಾದಲ್ಲಿ 8 ಸಾವಿರಕ್ಕೂ ಹೆಚ್ಚು ಗಂಡಸರು ಮತ್ತು ಹುಡುಗರನ್ನು ಕೊಂದರು. ಸಾಕ್ಷ್ಯ ಮುಚ್ಚಲು ಗುಂಡಿಗಳನ್ನು ಯಂತ್ರಗಳಿಂದ ಬಗೆದು ಶವಗಳನ್ನು ಬೇರೆಡೆ ಹೂತರು. ಹಾಗಾಗಿ ಒಬ್ಬನೇ ಮನುಷ್ಯನ ಮೂಳೆಗಳು ಹಲವು ಗುಂಡಿಗಳಲ್ಲಿ ಸಿಕ್ಕವು. 1996ರಲ್ಲಿ ಹುಟ್ಟಿದ ಕಾಣೆಯಾದವರ ಅಂತರರಾಷ್ಟ್ರೀಯ ಆಯೋಗ ಬಂಧುಗಳ ರಕ್ತದ ಮಾದರಿ ಸಂಗ್ರಹಿಸಿ ಮೂಳೆಗಳ ಡಿಎನ್‌ಎ ಜೊತೆ ಹೋಲಿಸಿತು. ನಾಲ್ವರಲ್ಲಿ ಸುಮಾರು ಮೂವರ ಗುರುತು ಈಗ ಸಿಕ್ಕಿದೆ. ಅದೇ ಗುರುತು ಹೇಗ್ ನಗರದ ಯುದ್ಧಾಪರಾಧ ನ್ಯಾಯಾಲಯಕ್ಕೆ ಸಾಕ್ಷ್ಯವೂ ಆಯಿತು. ತಾಯಿಗೆ ಮಗನನ್ನು ಮಣ್ಣು ಮಾಡುವ ಅವಕಾಶ ಸಿಕ್ಕಿದ್ದೂ ಅದರಿಂದಲೇ.

ಆದರೆ ಇದೇ ಹೊರಗಿನವರು ಒಂದು ಹಕ್ಕನ್ನು ತಾವೇ ಕಿತ್ತುಕೊಂಡರು. ಡೇಟನ್ ಒಪ್ಪಂದದ 4ನೇ ಅನುಬಂಧವೇ ಆ ದೇಶದ ಸಂವಿಧಾನ. ಅದರ ಪ್ರಕಾರ ದೇಶದ ಅಧ್ಯಕ್ಷ ಮಂಡಳಿಯ ಚುನಾವಣೆಗೆ ಬೋಸ್ನಿಯಾಕ್, ಸರ್ಬ್, ಕ್ರೊಯಾಟ್ ಈ ಮೂರು ಜನಾಂಗದವರು ಮಾತ್ರ ನಿಲ್ಲಬಹುದು. ರೋಮಾ ಸಮುದಾಯದ ದೆರ್ವೊ ಸೆಯ್ದಿಚ್, ಯಹೂದಿ ಯಾಕೊಬ್ ಫಿಂಚಿ ಇದನ್ನು ಪ್ರಶ್ನಿಸಿದರು. 2009ರ ಡಿಸೆಂಬರ್‌ನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಇದು ತಾರತಮ್ಯ ಎಂದು ತೀರ್ಪು ಕೊಟ್ಟಿತು. ಆ ತೀರ್ಪಿನಂತೆ ಸಂವಿಧಾನವನ್ನು ತಿದ್ದುವ ಕೆಲಸ ಇನ್ನೂ ಬಾಕಿ ಇದೆ.