ರೇಷನ್ ಅಕ್ಕಿಯಲ್ಲಿ ಬೇರೆ ಥರದ ಕಾಳು: ವಿಟಮಿನ್ ಹಾಕಿದ್ದರೂ ಪುಕ್ಕಟೆ ಹೇಗೆ?

ಪ್ರಶ್ನೆ: ರೇಷನ್ ಅಕ್ಕಿ ಹಸನು ಮಾಡುವಾಗ ಕೆಲವು ಕಾಳು ಬೇರೆ ಥರ ಕಾಣುತ್ತವೆ. ಪ್ಲಾಸ್ಟಿಕ್ ಅಂತ ಓಣಿಯವರು ಆರಿಸಿ ಚೆಲ್ಲುತ್ತಾರೆ. ಅಂಗಡಿಯವರು ವಿಟಮಿನ್ ಕಾಳು ಅಂತಾರೆ. ವಿಟಮಿನ್ ಹಾಕಿದ್ದನ್ನು ಪುಕ್ಕಟೆ ಹೇಗೆ ಕೊಡುತ್ತಾರೆ?
(ಇಂಡಿ ತಾಲೂಕಿನ ಓದುಗರೊಬ್ಬರು)

ಉತ್ತರ: ಅಕ್ಕಾರ, ಆ ಕಾಳನ್ನು ದಯವಿಟ್ಟು ಚೆಲ್ಲಬೇಡಿ. ಅದು ಪ್ಲಾಸ್ಟಿಕ್ ಅಲ್ಲ, ಅಕ್ಕಿಯಿಂದಲೇ ಮಾಡಿದ್ದು. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ವಿಟಮಿನ್ ಬಿ12 ಕಲಸಿ, ಯಂತ್ರದಲ್ಲಿ ಒತ್ತಿ, ಮತ್ತೆ ಅಕ್ಕಿಯ ಆಕಾರಕ್ಕೆ ತರುತ್ತಾರೆ. ಮನೆಯಲ್ಲಿ ಶಾವಿಗೆ ಒತ್ತುತ್ತೀರಲ್ಲ, ಹೆಚ್ಚು ಕಡಿಮೆ ಹಾಗೇ. ಒತ್ತಿದ ಕಾಳಾದ್ದರಿಂದ ಬಣ್ಣ ಸ್ವಲ್ಪ ಬೇರೆ, ಕೆಲವು ನೀರಲ್ಲಿ ತೇಲಲೂಬಹುದು. ಅನುಮಾನ ಹುಟ್ಟುವುದು ಅಲ್ಲೇ.

ಇನ್ನು ದುಡ್ಡಿನ ಮಾತು. 100 ಕಿಲೋ ಅಕ್ಕಿಗೆ ಇಂಥ ಕಾಳು ಬೆರೆಸುವುದು ಬರೀ 1 ಕಿಲೋ. ಅಂದರೆ 50 ಕಿಲೋ ಚೀಲದಲ್ಲಿ ಅರ್ಧ ಕಿಲೋ. ಹಾಗಾಗಿ ಕಿಲೋಗೆ ಜಾಸ್ತಿ ಬೀಳುವ ಖರ್ಚು ಒಂದು ರೂಪಾಯಿಯ ಒಳಗೇ. ಅದೂ ನಿಮ್ಮ ಕೈಯಿಂದ ಹೋಗುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಇಂಥ ಕಾಳು ಬೆರೆಸಿದ ಅಕ್ಕಿ ಹಂಚುವ ಯೋಜನೆಯನ್ನು 2028ರ ಡಿಸೆಂಬರ್‌ವರೆಗೆ ಮುಂದುವರಿಸಲು ಕೇಂದ್ರ ಸಂಪುಟ ಒಪ್ಪಿತು. ಅದಕ್ಕೆ ಗೊತ್ತುಮಾಡಿದ 17,082 ಕೋಟಿ ರೂಪಾಯಿಯ ಪೂರ್ತಿ ಹೊರೆ ಕೇಂದ್ರದ್ದೇ.

ಆದರೆ ಸರ್ಕಾರ ದುಡ್ಡು ಕೊಟ್ಟ ಮಾತ್ರಕ್ಕೆ ಕಾಳು ತಯಾರಾಗುವುದಿಲ್ಲ. ಕಾಳು ಮಾಡುವ ಕಾರ್ಖಾನೆ ಬೇಕು, ಅಳತೆ ತಪ್ಪದೆ ಬೆರೆಸುವ ಯಂತ್ರ ಅಕ್ಕಿ ಗಿರಣಿಯಲ್ಲಿ ಬೇಕು, ಪರೀಕ್ಷೆ ಮಾಡುವ ಲ್ಯಾಬ್ ಬೇಕು. ಎಷ್ಟು ಕಬ್ಬಿಣ ಇರಬೇಕು ಎಂದು ಗೊತ್ತುಮಾಡುವುದು ಆಹಾರ ಸುರಕ್ಷತಾ ಪ್ರಾಧಿಕಾರ. ಕೆಲಸ ಕಲಿಸುವುದರಲ್ಲಿ ವಿಶ್ವ ಆಹಾರ ಕಾರ್ಯಕ್ರಮ, ಪಾಥ್, ಟಾಟಾ ಟ್ರಸ್ಟ್‌ನಂಥ ಸಂಸ್ಥೆಗಳು ಕೈಜೋಡಿಸಿವೆ. ನನ್ನ ಪ್ರಕಾರ ಬೆಲೆ ಇಳಿಸಿದ ದೊಡ್ಡ ಸಂಗತಿ ಖರೀದಿಯ ಖಾತ್ರಿ. ವರ್ಷ ವರ್ಷವೂ ಕೊಳ್ಳುತ್ತೇವೆ ಎಂದು ಸರ್ಕಾರ ಹೇಳಿದರೆ ಕಾರ್ಖಾನೆಯವರು ಧೈರ್ಯವಾಗಿ ಬಂಡವಾಳ ಹಾಕುತ್ತಾರೆ. ನಾಲ್ಕು ಜನ ಪೈಪೋಟಿಗೆ ಇಳಿದರೆ ಬೆಲೆ ತಾನೇ ಹದಕ್ಕೆ ಬರುತ್ತದೆ.

ನನ್ನನ್ನು ಕಾಡುವುದು ಬೇರೆ. ವಿಜಯಪುರ, ಬಾಗಲಕೋಟೆ ಕಡೆ ನಮ್ಮ ಹೊಟ್ಟೆ ತುಂಬುವುದು ರೊಟ್ಟಿಯಿಂದ, ಅಲ್ವಾ? ಅಕ್ಕಿ ದೊಡ್ಡ ಗಿರಣಿ ದಾಟಿ ಬರುತ್ತದೆ, ಅಲ್ಲಿ ಬೆರೆಸಬಹುದು. ಜೋಳ ಹಾಗಲ್ಲ. ಮನೆಯ ಚೀಲದಿಂದ ಬುಟ್ಟಿಗೆ, ಬುಟ್ಟಿಯಿಂದ ಊರ ಹಿಟ್ಟಿನ ಗಿರಣಿಗೆ, ಅಲ್ಲಿಂದ ನೇರ ಹಿಟ್ಟು ನಾದುವ ಕೊಣಮಿಗೆಗೆ. ನಡುವೆ ವಿಟಮಿನ್ ಬೆರೆಸುವವರು ಯಾರು? ಪ್ರತಿ ಊರ ಗಿರಣಿಗೂ ಯಂತ್ರ ಇಡಿಸಿ ತಪಾಸಣೆ ಮಾಡುವುದು ಆಗದ ಮಾತು.

ಅದಕ್ಕೆ ದಾರಿ ಬೀಜದಲ್ಲೇ ಇದೆ. ಮಹಾರಾಷ್ಟ್ರದ ಪರಭಣಿಯ ಕೃಷಿ ವಿಶ್ವವಿದ್ಯಾಲಯ ಮತ್ತು ಒಣಭೂಮಿ ಬೆಳೆಗಳ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಸೇರಿ 'ಪರಭಣಿ ಶಕ್ತಿ' ಎಂಬ ಜೋಳದ ತಳಿ ತಂದಿವೆ. ಅದರ ಕಾಳಿನಲ್ಲೇ ಕಬ್ಬಿಣ, ಸತು ಜಾಸ್ತಿ. ಬೆರೆಸುವ ಖರ್ಚೇ ಇಲ್ಲ. ನಮ್ಮ ಎರೆ ಹೊಲದ ಹಿಂಗಾರಿಗೂ, ಮಾಲದಂಡಿ ಜೋಳದಷ್ಟೇ ಸಿಹಿ ರೊಟ್ಟಿ ಕೊಡುವ ಅಂಥ ತಳಿ ಬೇಕು. ರೊಟ್ಟಿ ರುಚಿ ಇಲ್ಲದಿದ್ದರೆ ನಮ್ಮ ರೈತರು ಬಿತ್ತುವುದಿಲ್ಲ.

ಕಡೆಗೆ ಅಡುಗೆಮನೆಯ ಮಾತು. ಅಕ್ಕಿಯನ್ನು ನಾಲ್ಕೈದು ಸಲ ತಿಕ್ಕಿ ತೊಳೆಯಬೇಡಿ. ಗಂಜಿ ಬಸಿದು ಚೆಲ್ಲುವ ಬದಲು ನೀರು ಹದವಾಗಿ ಇಟ್ಟು ಅನ್ನ ಮಾಡಿ. ಈ ಅಕ್ಕಿ ಇದೆ ಅಂತ ಬೇಳೆ, ಸೊಪ್ಪು, ಮೊಟ್ಟೆ ಕಡಿಮೆ ಮಾಡಬೇಡಿ. ಮನೆಯಲ್ಲಿ ಥಲಸ್ಸೀಮಿಯಾ ಅಥವಾ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಇರುವವರಿದ್ದರೆ ಮಾತ್ರ ಮೊದಲು ಡಾಕ್ಟರನ್ನು ಕೇಳಿ, ಆಮೇಲೆ ಬಡಿಸಿ.