ಮಗುವಿನ ಐಕ್ಯೂ: ಯಾವ ಕಾಲದ ಅಳತೆ?

ಒಂದೇ ಮಗುವಿಗೆ ಒಂದು ಕಡೆ ಐಕ್ಯೂ, ಅಂದರೆ ಬುದ್ಧಿಶಕ್ತಿಯ ಅಂಕ, 74 ಬಂದು, ಇನ್ನೊಂದು ಕಡೆ 66 ಬರಬಹುದು. ಅಪ್ಪ ಅಮ್ಮ ಕಂಗಾಲಾಗುತ್ತಾರೆ. 70ಕ್ಕಿಂತ ಕಡಿಮೆ ಬಂದರೆ ಸಾಮಾನ್ಯವಾಗಿ ಬೌದ್ಧಿಕ ಅಂಗವಿಕಲತೆ ಇರಬಹುದೆಂದು ನೋಡುತ್ತಾರೆ. ಆ ಗೆರೆಯ ಆಚೆ ಈಚೆ ಎಷ್ಟೊಂದು ವ್ಯತ್ಯಾಸ, ಅಲ್ವಾ? ಯಾವ ಅಂಕ ಸರಿ ಅನ್ನುವುದಕ್ಕಿಂತ ಮೊದಲು ಯಾವ ಪರೀಕ್ಷೆ, ಅದು ಯಾವ ಕಾಲದ್ದು ಎಂದು ಕೇಳಬೇಕು.

1905ರಲ್ಲಿ ಪ್ಯಾರಿಸ್‌ನ ಮನಶ್ಶಾಸ್ತ್ರಜ್ಞ ಆಲ್ಫ್ರೆಡ್ ಬಿನೆ ಮತ್ತು ಅವರ ಜೊತೆಗಾರ ಸಿಮೋನ್, ಶಾಲೆಯಲ್ಲಿ ಹೆಚ್ಚು ನೆರವು ಬೇಕಾದ ಮಕ್ಕಳನ್ನು ಗುರುತಿಸಲು ಒಂದು ಪರೀಕ್ಷೆ ಮಾಡಿದರು. 1916ರ ಹೊತ್ತಿಗೆ ಅಮೆರಿಕದಲ್ಲಿ ಅದು ಐಕ್ಯೂ ಎಂಬ ಅಂಕವಾಯಿತು. 1930ರ ದಶಕದಲ್ಲಿ ವಿ.ವಿ. ಕಾಮತ್ ಅದನ್ನು ಕನ್ನಡ, ಮರಾಠಿ ಮಾತಾಡುವ ಮಕ್ಕಳಿಗೆ ಒಗ್ಗಿಸಿದರು. ಅದೇ ಬಿನೆ-ಕಾಮತ್ ಪರೀಕ್ಷೆ, ಅಂದರೆ ಬಿಕೆಟಿ. ಇದು ನಿಜಕ್ಕೂ ದೊಡ್ಡ ಕೆಲಸ. ಮಗುವನ್ನು ಅದರ ಮನೆಮಾತಿನಲ್ಲೇ ಕೇಳಬೇಕು ಎಂಬ ಸರಳ ನ್ಯಾಯ ಅದರಲ್ಲಿತ್ತು.

ಬಿಕೆಟಿಯಲ್ಲಿ ಪ್ರಶ್ನೆಗಳನ್ನು ವಯಸ್ಸಿಗೆ ತಕ್ಕಂತೆ ಜೋಡಿಸಿದ್ದಾರೆ. ಮಗು ಎಲ್ಲಕ್ಕೂ ಉತ್ತರಿಸುವ ವಯಸ್ಸಿನಿಂದ ಶುರು ಮಾಡಿ, ಒಂದಕ್ಕೂ ಉತ್ತರಿಸದ ವಯಸ್ಸಿಗೆ ನಿಲ್ಲಿಸುತ್ತಾರೆ. ಅದರಿಂದ ಮಾನಸಿಕ ವಯಸ್ಸು ಸಿಗುತ್ತದೆ. ಎಂಟು ವರ್ಷದ ಮಗುವಿನದು ಆರು ವರ್ಷ ಎಂದು ಬಂದರೆ, ಆರನ್ನು ಎಂಟರಿಂದ ಭಾಗಿಸಿ 100ರಿಂದ ಗುಣಿಸುತ್ತಾರೆ. ಐಕ್ಯೂ 75.

ಆಮೇಲೆ ಬೇರೆ ಪರೀಕ್ಷೆಗಳೂ ಬಂದವು. 1955ರ ಭಾಟಿಯಾ ಪರೀಕ್ಷೆಯಲ್ಲಿ ಓದು ಬರಹಕ್ಕಿಂತ ಕೈಕೆಲಸ ಜಾಸ್ತಿ. ಹಾಗಾಗಿ ಶಾಲೆ ಕಾಣದ ದೊಡ್ಡವರಿಗೂ ಅದನ್ನು ಬಳಸುತ್ತಾರೆ. 1969ರಲ್ಲಿ ಭಾರತದ ಮಕ್ಕಳಿಗೆಂದು ಮಾಲಿನ್ ಅವರ ಬುದ್ಧಿಶಕ್ತಿ ಪರೀಕ್ಷೆ ಬಂತು. ಪುಟ್ಟ ಮಕ್ಕಳಿಗೆ ಸೆಗ್ವಿನ್ ಹಲಗೆ: ಹತ್ತು ಮರದ ಆಕಾರಗಳನ್ನು ಅವುಗಳ ಗುಳಿಯಲ್ಲಿ ಬೇಗ ಬೇಗ ಕೂರಿಸಬೇಕು. ಪರೀಕ್ಷಕರು ಸಮಯ ನೋಡುತ್ತಿರುತ್ತಾರೆ.

ತೊಡಕು ಇರುವುದು ಹೋಲಿಕೆಯಲ್ಲಿ. ಯಾವ ಐಕ್ಯೂ ಆದರೂ ಯಾವುದೋ ಕಾಲದ ಮಕ್ಕಳ ಜೊತೆಗಿನ ಹೋಲಿಕೆಯೇ. ತಲೆಮಾರಿನಿಂದ ತಲೆಮಾರಿಗೆ ಅಂಕ ಏರುತ್ತಿದೆ ಎಂದು 1980ರ ದಶಕದಲ್ಲಿ ಸಂಶೋಧಕ ಜೇಮ್ಸ್ ಫ್ಲಿನ್ ತೋರಿಸಿದರು. ಹಾಗಾಗಿ ಹಳೆಯ ಮಾನದಂಡದಲ್ಲಿ ಅಳೆದರೆ ಅಂಕ ಜಾಸ್ತಿ ಬರುವ ಸಾಧ್ಯತೆ ಇದೆ. ಅಂಕ ಜಾಸ್ತಿ ಬಂದರೆ ಖುಷಿಯೇ ಅನ್ನಿಸಬಹುದು. ಆದರೆ ನೆರವು ಬೇಕಾದ ಮಗು ಅದೇ ಕಾರಣಕ್ಕೆ ನೆರವಿನ ಪಟ್ಟಿಯಿಂದ ಹೊರಗುಳಿಯಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಅನೇಕ ಸೌಲಭ್ಯಗಳಿಗೆ ಕನಿಷ್ಠ 40 ಶೇಕಡಾ ಅಂಗವಿಕಲತೆಯ ಪ್ರಮಾಣಪತ್ರ ಬೇಕು, ಅದನ್ನು ಕೊಡುವಾಗ ಐಕ್ಯೂ ಅಂಕವನ್ನೂ ನೋಡುತ್ತಾರೆ.

ಹಾಗಾದರೆ ಹಳೆಯದನ್ನು ಬಿಡಬಹುದಲ್ಲ? ಅಷ್ಟು ಸುಲಭವಿಲ್ಲ. ಹೊಸ ಪರೀಕ್ಷೆಗಳು ದುಬಾರಿ. ಇಂಗ್ಲಿಷ್‌ನ ಪ್ರಶ್ನೆಯನ್ನು ಅಲ್ಲೇ ಕನ್ನಡಕ್ಕೆ ತಿರುಗಿಸಿ ಕೇಳಿದರೆ ಪ್ರಶ್ನೆಯ ಕಷ್ಟವೇ ಬದಲಾಗುತ್ತದೆ. ಇಂದಿನ ಕನ್ನಡ ಮಕ್ಕಳನ್ನು, ಹಳ್ಳಿಯವರನ್ನೂ ಸೇರಿಸಿ, ಹೊಸದಾಗಿ ಅಳೆದು ಮಾನದಂಡ ಮಾಡಲೇಬೇಕು. ಅದಕ್ಕೆ ವರ್ಷಗಳ ದುಡಿಮೆ, ಹಣ ಎರಡೂ ಬೇಕು. ಅಲ್ಲಿಯವರೆಗೆ ವರದಿಯಲ್ಲಿ ಪರೀಕ್ಷೆಯ ಹೆಸರು, ಕೇಳಿದ ಭಾಷೆ, ಮಾನದಂಡದ ವರ್ಷ ಬರೆದುಕೊಡಿ ಎಂದು ಪೋಷಕರು ಕೇಳಬಹುದು. ಊಟ, ಬಟ್ಟೆ, ಅಂಗಡಿಗೆ ಹೋಗಿಬರುವಂಥ ದಿನನಿತ್ಯದ ಕೆಲಸಗಳನ್ನು ಅಳೆಯುವ ವೈನ್‌ಲ್ಯಾಂಡ್ ಮಾಪನವನ್ನೂ ಮಾಡಿಸಿದ್ದಾರೆಯೇ ಎಂದು ನೋಡಿಕೊಳ್ಳಬೇಕು.